ನಡುಗಡ್ಡೆಯಿಂದ ಕೂಗಿದವನು

"ಮಾಸ್ತರೇ, ನಮ್ಮ ಪಾಪವೆಲ್ಲ ದೇವರಿಗೆ ಮೊದಲೇ ಗೊತ್ತು. ಆತ ಕರುಣಾಳು ಎಂದೂ ನೀವೇ ಕಲಿಸಿದ್ದೀರಿ. ಹಾಗಿದ್ದ ಮೇಲೆ ನಾವು ಪಶ್ಚಾತ್ತಾಪಪಟ್ಟು ಬಾಯಿಬಿಟ್ಟು ಹೇಳುವವರೆಗೆ ಆತ ಯಾಕೆ ಕಾಯಬೇಕು? ಸುಮ್ಮನೆ ಕ್ಷಮಿಸಿಬಿಡಬಾರದೇ?"

ಚಹಾದಂಗಡಿಯ ಬೆಂಚಿನ ಮೇಲೆ ಕೂತು ಹೀಗೆ ಕೇಳಿದವನು ಎಫ್ರಾಯಿಮ. ಬರುವ ಭಾನುವಾರದಿಂದ ಚರ್ಚಿನ ಸಭೆಯಲ್ಲಿ ಪಾಠ ಹೇಳಬೇಕಾದವನು. ಕೇಳಿಸಿಕೊಂಡವರು ಅವನ ಗುರು, ಉಪದೇಶಿ ಆಶೀರ್ವಾದಪ್ಪ ಮಾಸ್ತರು.

"ತುಂಬಿದ ಹೊಳೆಯನ್ನು ಒಂದೇ ಉಸಿರಿನಲ್ಲಿ ಈಜಿ ದಾಟಿದವನು ಈ ಸೀಮೆಯಲ್ಲಿ ನಾನೊಬ್ಬನೇ," ಎಂದರು ಮಾಸ್ತರು. ಒಂದು ಗುಟುಕು ಕುಡಿದು, "ಸುಳ್ಳು. ಮೊಣಕಾಲುದ್ದದ ನೀರಿಗಿಳಿದರೂ ಪಕ್ಕದವನ ರಟ್ಟೆ ಹಿಡಿಯುತ್ತೇನೆ. ಆದರೆ ದಾಟಲಾಗದೆ ನಿಂತವನೊಬ್ಬನ ಕತೆ ಗೊತ್ತು. ಅದರಲ್ಲಿ ಮುಕ್ಕಾಲು ಪಾಲು ನಿಜ. ಯಾವ ಮುಕ್ಕಾಲು ಎಂದು ಕೇಳಬೇಡ," ಎಂದು ಶುರುಮಾಡಿದರು.

ಒಬ್ಬ ರೈತನಿದ್ದ. ಅವನ ಹೊಲ ಹೊಳೆಯ ನಡುಗಡ್ಡೆಯಲ್ಲಿತ್ತು. ಆ ಊರಿಗೆ ಒಬ್ಬನೇ ಅಂಬಿಗ, ಒಂದೇ ತೊಗಲಿನ ಹರಿಗೋಲು. ಒಂದು ಸಂತೆಯ ದಿನ ಅಂಬಿಗ ಅವನನ್ನು ಕಾಯಿಸಿ ಇನ್ನೊಬ್ಬನ ಮೆಣಸಿನಕಾಯಿ ಚೀಲಗಳನ್ನು ಮೊದಲು ದಾಟಿಸಿದ. ರೈತನಿಗೆ ಮೈಯೆಲ್ಲ ಉರಿಯಿತು. ಅಂದು ಮಧ್ಯಾಹ್ನ, ದಡದಲ್ಲಿ ಬೋರಲು ಹಾಕಿ ಒಣಗಲು ಬಿಟ್ಟಿದ್ದ ಹರಿಗೋಲಿನ ತೊಗಲನ್ನು ಕುಡುಗೋಲಿನಿಂದ ಉದ್ದಕ್ಕೂ ಕೊಯ್ದು ಮನೆಗೆ ಹೋದ. ಹೊಟ್ಟೆ ತುಂಬ ಉಂಡ. ನಿದ್ದೆ ಮಾತ್ರ ಬರಲಿಲ್ಲ.

ಅಂಬಿಗ ಯಾರನ್ನೂ ಬೈಯಲಿಲ್ಲ. ಕೂತು ಹೊಲಿದ. ರೈತ ಆಮೇಲೆ ಆ ಹರಿಗೋಲು ಹತ್ತಲಿಲ್ಲ. ಎಲ್ಲಿಗೆ ಹೋಗುವುದಿದ್ದರೂ ದೂರದ ಸೇತುವೆ ಸುತ್ತಿಕೊಂಡು ಹೋದ. ಹೊಲಕ್ಕೆ, ನೀರು ಕಡಿಮೆಯಿದ್ದಾಗ, ನಡೆದೇ ದಾಟಿದ.

ಒಂದು ದಿನ ಅವನು ಹೊಲದಲ್ಲಿದ್ದಾಗ ಮೇಲಿನ ಸೀಮೆಯಲ್ಲಿ ಸುರಿದ ಮಳೆಯ ನೀರು ಒಮ್ಮೆಲೇ ಬಂತು. ಎತ್ತುಗಳ ಹಗ್ಗ ಬಿಚ್ಚಿದ. ಅವು ಈಜಿ ದಡ ಸೇರಿದವು. ಬಿಳಿ ಎತ್ತುಗಳು. ಹೋದ ವರ್ಷ ಹೇಳುವಾಗ ಕೆಂಪಗಿದ್ದವು, ಇರಲಿ. ರೈತನಿಗೆ ಈಜು ಬಾರದು. ನಡುಗಡ್ಡೆಯಲ್ಲಿ ಉಳಿದದ್ದು ಅವನು ನಿಂತಿದ್ದ ದಿಬ್ಬ ಒಂದೇ. ಮಳೆಯ ಮಬ್ಬಿನಲ್ಲಿ ಆಚೆ ದಡದವರ ಮುಖ ಕಾಣುತ್ತಿರಲಿಲ್ಲ. ದನಿ ಮಾತ್ರ ಕೇಳುತ್ತಿತ್ತು.

ಆ ಹೊಳೆಯಲ್ಲಿ ಒಂದು ರೂಢಿಯಿತ್ತು. ಪ್ರವಾಹದಲ್ಲಿ ಸಿಕ್ಕವನು ತಾನು ಯಾರೆಂದು ಕೂಗಿ ಹೇಳಬೇಕು. ಹೇಳಿದವನನ್ನು ಅಂಬಿಗ ಬಿಟ್ಟುಬರುವಂತಿಲ್ಲ, ಅವನು ಯಾರೇ ಆಗಿರಲಿ. ದನ ಬಿಟ್ಟು ಬರಲೊಲ್ಲದೆ ನಡುನೀರಿನಲ್ಲಿ ಎದ್ದು ನಿಂತು ಹರಿಗೋಲು ಮಗುಚಿದವರು ಹಿಂದೆ ಇದ್ದರು. ಅದಕ್ಕೇ, ಬರಲು ಒಪ್ಪಿ ತಾನು ಯಾರೆಂದು ಹೇಳಿದ ಹೊರತು ಅಂಬಿಗ ಹುಟ್ಟು ಹಾಕುತ್ತಿರಲಿಲ್ಲ.

ನೀರು ರೈತನ ಪಾದಕ್ಕೆ ಬಂತು. ತನ್ನ ಹೆಸರು ಕೇಳಿದರೆ ಅಂಬಿಗ ರೂಢಿಯನ್ನೂ ಮುರಿದು ಕೂತುಬಿಟ್ಟಾನು ಎಂದು ಅವನಿಗೆ ಭಯ. ಅದಕ್ಕೆ ದನಿ ಬದಲಿಸಿ, ಊರ ಬಡಗಿಯ ಹೆಸರು ಹೇಳಿ ಕೂಗಿದ.

ಆಚೆಯಿಂದ ಅಂಬಿಗನ ದನಿ ಬಂತು: "ಆ ಪುಣ್ಯಾತ್ಮ ಇಲ್ಲೇ ನನ್ನ ಪಕ್ಕದಲ್ಲಿ ಬೀಡಿ ಸೇದುತ್ತ ನಿಂತಿದ್ದಾನಪ್ಪ. ನೀನು ಯಾರು ಹೇಳು."

ನೀರು ಮೊಣಕಾಲಿಗೆ ಏರಿತು. ಸಾಯುವ ಭಯ ಒಂದು ಕಡೆ, ನಾಚಿಕೆ ಒಂದು ಕಡೆ. ಬಹಳ ಹೊತ್ತು ನಾಚಿಕೆಯೇ ಗೆದ್ದಿತು. ಆಮೇಲೆ ಅವನಿಗೆ ಇನ್ನೊಂದು ನೆನಪಾಯಿತು: ಬಗ್ಗಿ ಕೂತು, ಸೂಜಿ ಹಿಡಿದು, ತೊಗಲು ಹೊಲಿಯುತ್ತಿದ್ದ ಅಂಬಿಗನ ಬೆನ್ನು. ಅದನ್ನು ಅವನು ಮರೆಯಲ್ಲಿ ನಿಂತು ನೋಡಿದ್ದ. ಈಗ ಅವನಿಗೆ ಅಳು ಬಂತು, ಹೊಳೆಗೆ ಹೆದರಿ ಅಲ್ಲ.

"ನಿನ್ನ ಹರಿಗೋಲು ಕೊಯ್ದವನು ನಾನೇ ಅಣ್ಣಾ," ಎಂದು ಕೂಗಿದ. "ಬಂದರೆ ಬಾ, ಬಿಟ್ಟರೆ ಬಿಡು. ತಪ್ಪು ನನ್ನದೇ."

ಮಾತು ಮುಗಿಯುವ ಮೊದಲೇ ಹುಟ್ಟು ನೀರಿಗೆ ಬಿದ್ದ ಸದ್ದು ಕೇಳಿಸಿತು.

ಹರಿಗೋಲು ಬಂತು. ರೈತ ಹತ್ತಿ ಒಂದು ಅಂಚಿನಲ್ಲಿ ಮುದುಡಿದ. ತಾನು ಕೊಯ್ದ ಜಾಗದ ಹೊಲಿಗೆ ನಡುವಿನಲ್ಲೇ ಕಾಣುತ್ತಿತ್ತು.

"ಅಂಚಿನಲ್ಲಿ ಕೂತರೆ ಇಬ್ಬರೂ ಹೋಗುತ್ತೇವೆ. ನಡುವೆ ಕೂರು," ಎಂದ ಅಂಬಿಗ.

"ಅದರ ಮೇಲೆ ಹೇಗೆ ಕೂರಲಿ?"

"ಅಲ್ಲಿ ಎರಡು ಪದರ ತೊಗಲು ಹಾಕಿದ್ದೇನೆ. ಇಡೀ ಹರಿಗೋಲಿನಲ್ಲಿ ಗಟ್ಟಿ ಜಾಗ ಅದೇ. ಕೂರು ಮಾರಾಯ."

ರೈತ ಕೂತ. ದಡ ಮುಟ್ಟಿದ.

ಎಫ್ರಾಯಿಮ ಇಷ್ಟಕ್ಕೆ ಬಿಡಲಿಲ್ಲ. "ಕೊಯ್ದವನು ಯಾರೆಂದು ಅಂಬಿಗನಿಗೆ ಮೊದಲೇ ಗೊತ್ತಿತ್ತೇ, ಮಾಸ್ತರೇ?"

"ಗೊತ್ತಿಲ್ಲದೆ ಏನು? ಎದುರಿಗೆ ಹರಿಗೋಲಿದ್ದರೂ ಸೇತುವೆ ಸುತ್ತಿ ಸಂತೆಗೆ ಹೋಗುವವನು ಊರಿನಲ್ಲಿ ಅವನೊಬ್ಬನೇ. ಅದು ತಿಳಿದ ಮೇಲೆಯೇ ಅಂಬಿಗ ಅಲ್ಲಿ ಎರಡನೇ ಪದರ ಹಾಕಿದ್ದು, ಅವನು ಎಂದಾದರೂ ಹತ್ತಿಯಾನು ಎಂದೇ."

"ಹಾಗಾದರೆ ಅಷ್ಟು ಹೊತ್ತು ಕೂಗಿಸಿದ್ದು ಯಾಕೆ? ಮೊದಲೇ ಬಂದು ಎತ್ತಿಕೊಂಡು ಹೋಗಬಹುದಿತ್ತಲ್ಲ?"

ಮಾಸ್ತರು ಲೋಟ ಕೆಳಗಿಟ್ಟರು. "ಅದಿರಲಿ ತಮ್ಮಾ, ಇದನ್ನು ನೀನು ದಡದಲ್ಲಿ ನಿಂತು ಕೇಳುತ್ತಿದ್ದೀಯೋ, ದಿಬ್ಬದ ಮೇಲೆ ನಿಂತು ಕೇಳುತ್ತಿದ್ದೀಯೋ? ದಡದವನಿಗೆ ಅಂಬಿಗ ತಡಮಾಡಿದಂತೆ ಕಾಣುತ್ತದೆ, ದಿಬ್ಬದವನಿಗೆ ತಡಮಾಡಿದ್ದು ತಾನೇ ಎಂದು ಗೊತ್ತು. ಯೋಚನೆ ಮಾಡುತ್ತಾ ಚಹಾದ ದುಡ್ಡು ಕೊಟ್ಟು ಬಾ."

ಎಫ್ರಾಯಿಮನ ಕೈ ಜೇಬಿಗೆ ಹೋಯಿತು.