ಬುಡದವರೆಗೆ ಬಡಿದ ಮೊಳೆ

"ಸರ್, ಈ ಕೆಲಸ ನನ್ನೊಬ್ಬಳದೇ ಅಂತ ಒಂದು ಪುಟದಲ್ಲಿ ರುಜು ಹಾಕಿಸ್ತೀರಿ. ಮುಂದಿನ ಪುಟದಲ್ಲಿ ಎಲ್ಲರಿಗೂ ಥ್ಯಾಂಕ್ಸ್ ಹೇಳಿಸ್ತೀರಿ. ಎರಡರಲ್ಲಿ ನಿಜ ಯಾವುದು?"

ತನುಜಾ ಈ ಪ್ರಶ್ನೆಯನ್ನು ನಾಲ್ಕು ದಿನ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಐದು ವರ್ಷ ಕಾವಲುಗಾರ ಜಡೆಯಣ್ಣನ ಹಿಂದೆ ಕಾಡಿನಲ್ಲಿ ನಡೆದು ಮರಗಳನ್ನು ಅಳೆದವಳು. ಪಿಎಚ್‌ಡಿ ಪ್ರಬಂಧ ಅಂದೇ ಬೈಂಡಿಂಗಿಗೆ ಹೋಗಬೇಕಿತ್ತು. ರುಜು ಬಿದ್ದಿರಲಿಲ್ಲ. ಕೃತಜ್ಞತೆಯ ಪುಟವೂ ಖಾಲಿ ಇತ್ತು.

ಗುರುಗಳು ಕತೆ ಹೇಳಿದರು.

ಒಬ್ಬ ಸಂಶೋಧಕನಿದ್ದ. ಮರ ವರ್ಷಕ್ಕೆಷ್ಟು ದಪ್ಪವಾಗುತ್ತದೆಂದು ತಿಳಿಯಲು ಮುನ್ನೂರು ಮರಗಳ ಸುತ್ತಳತೆ ತೆಗೆದ. ಒಂದೊಂದಕ್ಕೂ ನಂಬರಿನ ತಗಡಿನ ಬಿಲ್ಲೆ ಹೊಡೆದ. ಮೊಳೆಯನ್ನು ಬುಡದವರೆಗೆ ಬಡಿದು, ಇನ್ನು ಬೀಳುವುದಿಲ್ಲವೆಂದು ನೆಮ್ಮದಿಯಿಂದ ಪಟ್ಟಣಕ್ಕೆ ಹೋದ.

ನಾಲ್ಕು ವರ್ಷ ಬಿಟ್ಟು ಎರಡನೆಯ ಅಳತೆಗೆ ಬಂದ. ಹಳ್ಳದಾಚೆಯ ಐವತ್ತು ಮರಗಳಲ್ಲಿ ಒಂದು ಬಿಲ್ಲೆಯೂ ಕಾಣಲಿಲ್ಲ. ಮರಗಳು ದಪ್ಪವಾಗುತ್ತ ಅವನ್ನು ತೊಗಟೆಯೊಳಗೆ ನುಂಗಿಬಿಟ್ಟಿದ್ದವು. ನಂಬರಿಲ್ಲದೆ ಯಾವ ಮರ ಯಾವುದೆಂದು ತಿಳಿಯದು. ಹಳೆಯ ಅಳತೆಯೆಲ್ಲ ದಂಡ, ಪದವಿಯೂ ಕೈತಪ್ಪಿದಂತೆ.

ಹಳ್ಳ ದಾಟಿ ಈಚೆಗೆ ಬಂದ. ಇಲ್ಲಿ ಉಳಿದ ಬಿಲ್ಲೆಗಳೆಲ್ಲ ಗಾಳಿಗೆ ಅಲ್ಲಾಡುತ್ತಿದ್ದವು. ಇದು ಹೇಗೆಂದು ಆ ಕಾಡಿನ ಕಾವಲುಗಾರನನ್ನು ಕೇಳಿದ.

"ಗೋಡೆಗೆ ಕ್ಯಾಲೆಂಡರ್ ಹಾಕೋರ ಹಾಗೆ ಹೊಡೆದಿದ್ರಿ ಸಾರ್. ಗೋಡೆ ದಪ್ಪ ಆಗಲ್ಲ, ಮರ ಆಗತ್ತೆ. ಗಸ್ತಿಗೆ ಬಂದಾಗೆಲ್ಲ ಮೊಳೆನ ಇಷ್ಟಿಷ್ಟೇ ಈಚೆಗೆ ಎಳೀತಿದ್ದೆ. ಹಳ್ಳದಾಚೆ ನನ್ನ ಸರಹದ್ದಲ್ಲ."

"ನನಗೊಂದು ಮಾತು ಹೇಳಬಾರದಿತ್ತೇ?"

"ಹೇಳೋಣ ಅಂದ್ರೆ ನೀವು ಓದೋಕೆ ಹೋಗಿದ್ರಲ್ಲ."

ಸಂಶೋಧಕ ನಾಚಿದ, ಆಮೇಲೆ ನಕ್ಕ. ಇಬ್ಬರೂ ಅಲ್ಲೇ ಒಂದು ಮರದಡಿ ಕುಳಿತು ಬುತ್ತಿ ಹಂಚಿಕೊಂಡು ಉಂಡರು. ಮರುದಿನ ಅಳತೆಯನ್ನೆಲ್ಲ ಸಂಶೋಧಕನೇ ತೆಗೆದ, ಲೆಕ್ಕವನ್ನೂ ಅವನೇ ಕಟ್ಟಿದ. ತನ್ನ ಕೆಲಸವೆಂದು ರುಜುವನ್ನೂ ಹಾಕಿದ. ಮುಂದಿನ ಪುಟದ ಮೊದಲ ಸಾಲಿನಲ್ಲಿ ಕಾವಲುಗಾರನ ಹೆಸರು ಬರೆದ.

ಕತೆ ಮುಗಿಯಿತು. ತನುಜಾಳಿಗೆ ಹಗುರವೆನಿಸಿತು. ಎರಡೂ ಪುಟ ನಿಜವೇ ಎಂದು ಒಪ್ಪಿ ರುಜು ಹಾಕಿದಳು. ಪೆನ್ನಿನ ಮುಚ್ಚಳ ಹಾಕುತ್ತ ಒಂದು ಮಾತು ಆಡಿದಳು.

"ಸದ್ಯ, ನನ್ನ ಮರಗಳಲ್ಲಿ ಒಂದು ಬಿಲ್ಲೆಯೂ ಹೋಗಿರಲಿಲ್ಲ ಸರ್."

ಗುರುಗಳು ಖಾಲಿ ಪುಟವನ್ನು ಅವಳತ್ತ ಸರಿಸಿದರು.

"ನೀನೂ ಬುಡದವರೆಗೇ ಬಡಿದಿದ್ದೆಯಂತೆ ತನುಜಾ, ಜಡೆಯಣ್ಣ ಹೇಳಿದ."