ಕೆಂಚವ್ವನ ಕೇರಿಯ ನಾಯಿಗಳು

“ಯಾರು ಊರವರು, ಯಾರು ಪರವೂರವರು ಅಂತ ತಿಳಿಯೋಕೆ ಸಾಕ್ಷಿ ಯಾಕೆ ಪ್ರಭು?” ತುಂಬಿದ ಸಭೆಯಲ್ಲಿ ಮಂತ್ರಿ ದೇವರಸ ಮೀಸೆ ತೀಡಿದ. “ನಮ್ಮ ಬೀದಿನಾಯಿಗೂ ಅದು ಗೊತ್ತು. ಪರವೂರವರನ್ನು ಕಂಡರೆ ಬೊಗಳುತ್ತದೆ.”

ಮಾತು ಹೊರಟದ್ದು ಕೆರೆಯಂಚಿನ ಚಾಪೆ ಹೆಣೆಯುವವರ ಬಗ್ಗೆ. ಪಕ್ಕದ ರಾಜ್ಯದಲ್ಲಿ ಹೊಳೆ ಉಕ್ಕಿ ಗುಡಿಸಲು ಕಳೆದುಕೊಂಡು ಬಂದವರು. ಅರಮನೆಯ ಚಾಪೆಗಳೆಲ್ಲ ಅವರವೇ. ಚಾಪೆ ಊರಿನದಾಯಿತು, ಹೆಣೆದ ಕೈ ಮಾತ್ರ ಪರವೂರಿನದು. ನಾಳೆಯೇ ಅವರನ್ನು ಗಡಿಯಾಚೆ ಅಟ್ಟಬೇಕೆಂದು ದೇವರಸನ ಹಟ.

“ಎರಡು ಮಳೆಗಾಲ ಇಲ್ಲೇ ಕಳೆದಿದ್ದಾರಲ್ಲ?” ಎಂದ ಅರಸ.

“ಇದ್ದುಬಿಟ್ಟರೆ ಊರವರೇ? ಕೆರೆಯಲ್ಲಿ ಕಪ್ಪೆಯೂ ಇರುತ್ತದೆ.”

ಮೂಲೆಯಲ್ಲಿದ್ದ ವಿದೂಷಕ ಸಂಕಪ್ಪನಿಗೆ ಮೈ ಉರಿಯಿತು. ಆದರೂ ನಗುತ್ತಲೇ ಎದ್ದ. “ಮಂತ್ರಿಗಳ ಮಾತೇ ಕಾನೂನಾಗಲಿ ಪ್ರಭು. ನಾಯಿ ಬೊಗಳಿದರೆ ಪರವೂರವ, ಸುಮ್ಮನಿದ್ದರೆ ಊರವ. ಬೆಳಗ್ಗೆ ಕೆರೆಯಂಚಿಗೆ ಹೋಗಿ ನೋಡಿಬಿಡೋಣ.”

“ಆಗಲಿ,” ಎಂದ ದೇವರಸ ಗತ್ತಿನಿಂದ. ಅರಸನೂ ತಲೆಯಾಡಿಸಿದ.

“ಪಲ್ಲಕ್ಕಿ ಬೇಡ. ನಾಯಿಗೆ ಮುಖ ಕಾಣಬೇಕು,” ಎಂದ ಸಂಕಪ್ಪ.

ಬೆಳಗಾಯಿತು. ಚಾಪೆ ಹೆಣೆಯುವ ಮುದುಕಿ ಕೆಂಚವ್ವ ಜೊಂಡಿನ ಹೊರೆ ಹೊತ್ತು ಕೆರೆಯಂಚಿನ ಕೇರಿಯಲ್ಲಿ ನಡೆದಳು. ದಿನಾ ಅವಳ ಕೈಯ ಮುದ್ದೆ ತಿನ್ನುವ ನಾಯಿಗಳು ಬಾಲವಾಡಿಸುತ್ತ ಹಿಂಬಾಲಿಸಿದವು.

ಅವಳ ಹಿಂದೆ ಅರಸ, ಮಂತ್ರಿ. ಹುಟ್ಟಿದಾಗಿನಿಂದ ಈ ಕೇರಿಗೆ ಕಾಲಿಡದ ಇಬ್ಬರು. ನಾಯಿಗಳ ಇಡೀ ದಂಡು ತಿರುಗಿ ಬೊಗಳುತ್ತ ನುಗ್ಗಿತು. ದೇವರಸ ಮೋಟುಗೋಡೆ ಹತ್ತಿದ, ಶಾಲು ನಾಯಿಬಾಯಲ್ಲಿ ಉಳಿಯಿತು. ಅರಸ ಬೇವಿನ ಮರಕ್ಕೆ ಬೆನ್ನು ಕೊಟ್ಟು ನಿಂತ.

“ಸಂಕಪ್ಪಾ, ಏನಾದರೂ ಮಾಡೋ,” ದೂರದಲ್ಲಿ ನಿಂತಿದ್ದ ವಿದೂಷಕನನ್ನು ಅರಸ ಕೂಗಿದ.

“ನಾನೇನು ಮಾಡಲಿ ಬುದ್ಧಿ? ನಿಮ್ಮದೇ ಕಾನೂನು.”

ಕೆಂಚವ್ವ ಹೊರೆ ಇಳಿಸಿ ಅರಸನ ಪಕ್ಕ ಬಂದಳು. “ಹಚಾ, ಕರಿಯ. ಸುಮ್ನಿರ್ರೋ. ಇವರು ನಮ್ಮೋರೇ.”

ಮರದ ಬುಡದಲ್ಲಿ ಬೊಗಳುವುದು ನಿಂತಿತು. ನಾಯಿಗಳೆಲ್ಲ ದೇವರಸ ಹತ್ತಿದ್ದ ಗೋಡೆಯ ಕಡೆ ಹೋದವು.

“ಗೆದ್ದಿರಿ ಪ್ರಭು,” ಎಂದ ಸಂಕಪ್ಪ. “ಕೆಂಚವ್ವನ ಜಾಮೀನಿನ ಮೇಲೆ ನೀವೂ ಈ ಊರವರಾದಿರಿ. ಅವಳನ್ನು ಗಡಿಯಾಚೆ ಅಟ್ಟಿದರೆ ನಾಳೆ ನಿಮಗೆ ಜಾಮೀನು ಯಾರು?”

ಅರಸ ಹೊಟ್ಟೆ ಹಿಡಿದು ನಕ್ಕ. “ಇವತ್ತಿನಿಂದ ಇವರೆಲ್ಲ ಊರವರು. ಕೆರೆಯಂಚು ಇವರದೇ. ಅವ್ವಾ, ನಮ್ಮ ಮಂತ್ರಿಗೂ ಒಂದು ಮಾತು ಹೇಳು.”

ಕೆಂಚವ್ವ ಗೋಡೆಯ ಮೇಲೆ ನಡುಗುತ್ತಿದ್ದವನನ್ನು ನೋಡಿ, ಹೊರೆಯನ್ನು ತಲೆಗೇರಿಸಿದಳು.

“ಎರಡು ಮಳೆಗಾಲ ಅಲ್ಲೇ ಇರಲಿ ಬುದ್ಧಿ. ಆಮೇಲೆ ನೋಡೋಣ.”