ಕೊಟ್ಟವಳ ನಡಿಗೆ

"ಗುರುಗಳೇ, ನನಗೆ ಹಾಡು ಕಲಿಸಿದವನು ಮಠದ ಆ ಹಿರಿಯ ಶಿಷ್ಯ. ಅವನನ್ನು ಜನ ಹೊಗಳಿದರೆ ನನಗೆ ಸಂತೋಷವಾಗಬೇಕು. ಆದರೆ ಹೊಟ್ಟೆ ಉರಿಯುತ್ತದೆ. ಉಪಕಾರ ಮಾಡಿದವನ ಮೇಲೆಯೇ ಹೀಗೇಕೆ?"

ಕೇಳಿದವನು ಮಠದ ಕಿರಿಯ ಶಿಷ್ಯ. ಗುರುಗಳು ಅವನಿಗೆ ಕೂರಲು ಹೇಳಿ ಈ ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅರವತ್ತು ದಾಟಿದ ಮೇಲೆ ಅವನ ಎರಡು ಕಿಡ್ನಿಗಳೂ ಕೈಕೊಟ್ಟವು. ಹೆಂಡತಿ ತನ್ನದೊಂದನ್ನು ಕೊಟ್ಟಳು. ಕೊಡು ಎಂದು ಅವನು ಕೇಳಿರಲಿಲ್ಲ, ಬೇಡವೆಂದೂ ಹೇಳಲಿಲ್ಲ. ಆಪರೇಷನ್ ಚೆನ್ನಾಗಿ ಆಯಿತು. ಇಬ್ಬರೂ ಮನೆಗೆ ಬಂದರು.

ಗಾಯ ಮಾಗಿದ ಮೇಲೆ ಡಾಕ್ಟರು ವ್ಯಾಪಾರಿಗೆ ನಡೆಯಲು ಹೇಳಿದರು. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಈ ಮಾತ್ರೆಗಳು ತೋಳು ತೊಡೆಗಳ ಬಲವನ್ನು ತಿನ್ನುತ್ತವೆ, ಕೂತಲ್ಲೇ ಕೂತರೆ ಸಕ್ಕರೆ ಏರುತ್ತದೆ, ಈ ವಯಸ್ಸಿನಲ್ಲಿ ಹೋದ ಬಲ ಸುಲಭಕ್ಕೆ ಮರಳುವುದಿಲ್ಲ, ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ನಡೆಯಿರಿ ಎಂದರು. ವ್ಯಾಪಾರಿ ತಲೆಯಾಡಿಸಿ ಬಂದು ಆರಾಮಕುರ್ಚಿ ಹಿಡಿದ. ಒಳಗೆ ಕೂರಿಸಿದ್ದು ಎಲ್ಲಿ ಅಲುಗಿ ಜಾರುತ್ತದೋ ಎಂಬ ಭಯ. ಏಳುವಾಗಲೂ ಹೊಟ್ಟೆಯ ಆ ಪಕ್ಕಕ್ಕೆ ಕೈ ಒತ್ತಿಕೊಂಡೇ ಏಳುತ್ತಿದ್ದ.

ಹೆಂಡತಿ ಮಾತ್ರ ಸಂಜೆಯಾಗುತ್ತಲೇ ಕೆರೆ ಏರಿಯ ಮೇಲೆ ನಡೆಯಲು ಹೊರಡುತ್ತಿದ್ದಳು. ಮೊದಮೊದಲು ಅವನನ್ನೂ ಕರೆದಳು, ಓಣಿಯ ತುದಿಯವರೆಗಾದರೂ ಬನ್ನಿ ಎಂದಳು. ಅವನು ಹೋಗಲಿಲ್ಲ. ಆಮೇಲೆ ನೆರೆಯ ಹೆಂಗಸರ ಜೊತೆ ಹೋಗತೊಡಗಿದಳು. ಅವರು ನಗುತ್ತಾ ಮರಳುವ ಸದ್ದು ತಿರುವಿನಲ್ಲೇ ಅವನಿಗೆ ಕೇಳಿಸುತ್ತಿತ್ತು. ಅವಳ ಮುಖಕ್ಕೆ ಕಳೆ ಬಂದಿತ್ತು. ನೋಡಲು ಬಂದವರೆಲ್ಲ ಅವನ ಯೋಗಕ್ಷೇಮವನ್ನು ಎರಡು ಮಾತಿನಲ್ಲಿ ಮುಗಿಸಿ, ಒಂದು ಕಿಡ್ನಿ ಕೊಟ್ಟೂ ಈಕೆ ಹೇಗಿದ್ದಾಳೆ ನೋಡಿ ಎನ್ನುತ್ತಿದ್ದರು. ಆಗೆಲ್ಲ ವ್ಯಾಪಾರಿಯ ಒಳಗೆ ಏನೋ ಚುಚ್ಚುತ್ತಿತ್ತು. ತನ್ನ ಹೊಟ್ಟೆಯಲ್ಲಿರುವುದೂ ಅವಳದೇ. ಆದರೂ ಅವಳು ಗಟ್ಟಿ, ತಾನು ರೋಗಿ. ಇದು ಹೇಗೆ?

ಯೋಚಿಸಿ ಯೋಚಿಸಿ ಒಮ್ಮೆ, ಅವಳ ಎರಡರಲ್ಲಿ ಯಾವುದನ್ನು ನನಗೆ ಹಾಕಿದಿರಿ ಎಂದು ಡಾಕ್ಟರನ್ನು ಕೇಳಿಯೇಬಿಟ್ಟ. ಅವರು ಮುಚ್ಚುಮರೆ ಮಾಡಲಿಲ್ಲ. ಎರಡರಲ್ಲಿ ವ್ಯತ್ಯಾಸ ಕಂಡರೆ ಚೆನ್ನಾಗಿರುವುದನ್ನು ಕೊಡುವವರಿಗೇ ಬಿಡುತ್ತೇವೆ, ನಿಮ್ಮ ಹೆಂಡತಿಯ ಎರಡೂ ಸಮವಾಗಿದ್ದವು ಎಂದರು. ವ್ಯಾಪಾರಿಯ ಕಿವಿಗೆ ಮೊದಲ ಮಾತಷ್ಟೇ ಬಿತ್ತು.

ಅಂದು ಸಂಜೆ ಅವಳು ಚಪ್ಪಲಿ ಮೆಟ್ಟುತ್ತಿರುವಾಗ ಹೇಳಿದ: "ಒಳ್ಳೆಯದನ್ನು ನೀನಿಟ್ಟುಕೊಂಡೆ. ಅದಕ್ಕೇ ನಿನಗೆ ಈ ನಡಿಗೆ, ಈ ನಗು."

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು ಅವನ ಪಕ್ಕದಲ್ಲಿ ಕೂತಳು. ಮರುದಿನವೂ ಹೋಗಲಿಲ್ಲ. ಹೆಂಗಸರು ಬಂದು ಕರೆದರೆ ಮೊಣಕಾಲು ನೋವು ಎಂದಳು. ನಿಜ ಹೇಳಬೇಕೆಂದರೆ ವ್ಯಾಪಾರಿಗೆ ಹಾಯೆನಿಸಿತು. ಓಣಿಯಲ್ಲಿ ನಗು ಕೇಳಿಸಿದರೂ ಅದರಲ್ಲಿ ಅವಳ ದನಿ ಇರಲಿಲ್ಲ. ಆ ಮಳೆಗಾಲವೆಲ್ಲ ಅವನು ಚೆನ್ನಾಗಿ ನಿದ್ದೆ ಮಾಡಿದ.

ಚಳಿಗಾಲದಲ್ಲಿ ಇಬ್ಬರೂ ತಪಾಸಣೆಗೆ ಹೋದರು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಅವಳು ನಡುವೆ ನಿಂತು ಗೋಡೆ ಹಿಡಿದಳು. ಏದುಸಿರು ಬರುತ್ತಿತ್ತು. ಡಾಕ್ಟರು ವ್ಯಾಪಾರಿಯ ಕಿಡ್ನಿ ಸರಿಯಾಗಿಯೇ ಕೆಲಸ ಮಾಡುತ್ತಿದೆ, ಕಾಲುಗಳು ಮಾತ್ರ ಸೊರಗಿವೆ ಎಂದರು. ಆಮೇಲೆ ಅವಳ ರಕ್ತದೊತ್ತಡ ನೋಡಿ ಹುಬ್ಬು ಗಂಟಿಕ್ಕಿದರು.

"ಇದೇನಮ್ಮ, ಇಷ್ಟು ಏರಿದೆ? ಹೀಗೇ ಬಿಟ್ಟರೆ ಇರುವ ಒಂದಕ್ಕೂ ಪೆಟ್ಟು. ನಡೆಯುವುದನ್ನು ಯಾಕೆ ಬಿಟ್ಟಿರಿ?"

ಅವಳು ಗಂಡನ ಕಡೆ ನೋಡಲಿಲ್ಲ. ಸೋಮಾರಿತನ ಎಂದಳು.

ಆ ಒಂದು ಮಾತು ವ್ಯಾಪಾರಿಗೆ ದಾರಿಯುದ್ದಕ್ಕೂ ಕೇಳಿಸುತ್ತಲೇ ಇತ್ತು. ಮನೆಗೆ ಬಂದ ಮೇಲೆ ಅವನು ಕುರ್ಚಿಯ ಕಡೆ ಹೋಗಲಿಲ್ಲ. ಬಾಗಿಲಲ್ಲೇ ನಿಂತು, ಬಾ ಹೋಗೋಣ ಎಂದ. ನಿಮಗೆ ಆಗುತ್ತದೆಯೇ ಎಂದು ಅವಳು ಕೇಳಿದಳು.

"ನಾನು ಕೂತರೆ ನೀನೂ ಕೂರುತ್ತೀಯಲ್ಲ" ಎಂದ.

ಮೊದಲ ದಿನ ಓಣಿಯ ತುದಿ ಮುಟ್ಟುವಷ್ಟರಲ್ಲಿ ಅವನ ತೊಡೆಗಳು ನಡುಗಿದವು. ಯಾರದೋ ಜಗಲಿಯ ಮೇಲೆ ಕೂತು ಹೊಟ್ಟೆ ಮುಟ್ಟಿ ನೋಡಿಕೊಂಡ. ಏನೂ ಜಾರಿರಲಿಲ್ಲ. ಮರುದಿನ ಇನ್ನೂ ಸ್ವಲ್ಪ ಮುಂದೆ ಹೋದ. ಬೇಸಿಗೆ ಬರುವ ಹೊತ್ತಿಗೆ ಇಬ್ಬರೂ ಕೆರೆ ಏರಿಯ ಮೇಲಿದ್ದರು. ಅವಳ ರಕ್ತದೊತ್ತಡ ಇಳಿಯಿತು. ಅವನು ಅಂಗಡಿಯ ಮೆಟ್ಟಿಲನ್ನು ತಾನೇ ಹತ್ತತೊಡಗಿದ. ಇಂದಿಗೂ ಅವಳು ಏರಿಯ ಮೇಲೆ ಮುಂದಾದರೆ ಅವನಿಗೆ ಚುಚ್ಚುತ್ತದೆ. ಗೊಣಗುತ್ತಾನೆ, ಬೇಗ ಬೇಗ ಹೆಜ್ಜೆ ಹಾಕುತ್ತಾನೆ. ಆದರೆ ನಿಲ್ಲು ಎನ್ನುವುದಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಅವನ ಹೊಟ್ಟೆಕಿಚ್ಚು ಹೋಗಲೇ ಇಲ್ಲವೇ?"

"ಅದಿರಲಿ. ಈಚೆಗೆ ಪ್ರಾರ್ಥನೆಯಲ್ಲಿ ನಿನಗೆ ಕಲಿಸಿದವನ ದನಿ ಯಾಕೆ ಕೇಳಿಸುತ್ತಿಲ್ಲ? ನೀನು ಅವನಿಗೆ ಏನೆಂದೆ?"